ಮಾಟುಂಗಾದ ಮಾಸ್ತರರ ಮೇಜು: ಹನ್ನೊಂದನೇ ದಿನ ಕೆಲಸ ಬಿಟ್ಟವಳ ಅನುಭವ

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ ಹೂವಿನ ಅಂಗಡಿಗಳ ಸಾಲು ದಾಟಿ ಒಳಗೆ ಹೋದರೆ ಒಂದು ಪುಟ್ಟ ಅಂಗಡಿ ಇದೆ. ಪಾನ್ ಕಾರ್ಡ್, ಪಾಸ್‌ಪೋರ್ಟ್ ಅರ್ಜಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಎಲ್ಲಾ ಮಾಡಿಕೊಡುತ್ತಾರೆ. ಹೊರಗೆ ಜೆರಾಕ್ಸ್ ಮಷೀನು, ಒಳಗೆ ಎರಡು ಕಂಪ್ಯೂಟರು, ಅದರ ಹಿಂದೆ ಒಂದು ಪ್ಲೈವುಡ್ ಪಾರ್ಟಿಶನ್. ಆ ಪಾರ್ಟಿಶನ್ನಿನ ಆಚೆ ಶನಿವಾರ ಮಾತ್ರ ಒಬ್ಬ ಹಿರಿಯರು ಕೂರುತ್ತಾರೆ. ಅಂಗಡಿ ಅವರ ತಂಗಿಯ ಮಗನದ್ದು. ಎಲ್ಲರೂ ಅವರನ್ನು ಮಾಸ್ತರು ಅಂತಲೇ ಕರೆಯೋದು. ಕೆಲಸ ಬಿಡುವವರಿಗೆ ರಾಜೀನಾಮೆ ಪತ್ರ ತಿದ್ದಿಕೊಡುತ್ತಾರೆ, ಹೇಗೆ ಬಿಡಬೇಕು ಅಂತ ಹೇಳಿಕೊಡುತ್ತಾರೆ. ಫೀಸು 400 ರೂಪಾಯಿ, ಪ್ರಿಂಟಿಗೆ ಬೇರೆ. "ಬರಿ, ಆದ್ರೆ ಹೆಸರು, ನಂಬರು ಹಾಕಬೇಡ" ಅಂದಿದ್ದಾರೆ. ಅದಕ್ಕೇ ಹಾಕುತ್ತಿಲ್ಲ. ಆ ಓಣಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಾನು ಹೋದದ್ದು ಜುಲೈ ಮೂರನೇ ಶನಿವಾರ. ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ 400 ರೂಪಾಯಿಗೆ ಏನು ಸಿಕ್ಕಿತು ಅಂತ ಗೊತ್ತಾಗೋದಿಲ್ಲ.

ನಮ್ಮೂರು ಕುಮಟಾ. ಬಿಕಾಂ ಮುಗಿಸಿ, ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸು) ಇಂಟರ್ ಪಾಸಾಗಿ, ಮುಲುಂಡಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇದ್ದೇನೆ. ಜುಲೈ 7, ಸೋಮವಾರ, ಐರೋಲಿಯ ಒಂದು ಕಂಪನಿಯಲ್ಲಿ ಅಕೌಂಟ್ಸಿಗೆ ಸೇರಿದೆ. ತಿಂಗಳಿಗೆ 38,000. ಚಿಕ್ಕಪ್ಪನ ಬಿಲ್ಡಿಂಗಿನ ಗೆಳೆಯರೊಬ್ಬರು ಅಲ್ಲಿನ ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಕಂಪನಿ ಒಳ್ಳೆಯದು, ಜನ ಒಳ್ಳೆಯವರು. ಮೂರನೇ ದಿನ ನನ್ನ ಕುರ್ಚಿ ಕುಂಟುತ್ತಿದೆ ಅಂತ ನೋಡಿ ಮ್ಯಾನೇಜರೇ ಬೇರೆ ಕುರ್ಚಿ ತರಿಸಿಕೊಟ್ಟಿದ್ದರು.

ಜುಲೈ 16ಕ್ಕೆ ವಿಕ್ರೋಳಿಯ ಇನ್ನೊಂದು ಕಂಪನಿಯಿಂದ ಮೇಲ್ ಬಂತು. ಮೇ ತಿಂಗಳಲ್ಲಿ ಅಲ್ಲಿ ಇಂಟರ್‌ವ್ಯೂ ಕೊಟ್ಟಿದ್ದೆ. ಸುದ್ದಿ ಇರಲಿಲ್ಲ, ಹೋಯಿತು ಅಂದುಕೊಂಡಿದ್ದೆ. ಅದು ಫ್ಯಾಕ್ಟರಿಯ ಕಾಸ್ಟಿಂಗ್ ಕೆಲಸ, ಅಂದರೆ ಒಂದು ಮಾಲು ತಯಾರಿಸೋಕೆ ಎಷ್ಟು ಖರ್ಚು ಬೀಳುತ್ತದೆ ಅಂತ ಲೆಕ್ಕ ಹಾಕೋದು. ನಾನು ಓದಿದ್ದೇ ಅದಕ್ಕೆ. ಸಂಬಳ ಹೆಚ್ಚುಕಡಿಮೆ ಅಷ್ಟೇ. ಆ ಮೇಲ್ ನೋಡಿ ಖುಷಿಯಾಯಿತು, ಅದರ ಹಿಂದೆಯೇ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು. ಒಂಬತ್ತು ದಿನ ಆಗಿದೆ ಅಷ್ಟೇ. ಹೊಸ ಕುರ್ಚಿ ಬೇರೆ. ಚಿಕ್ಕಪ್ಪನ ಮುಖ ಬೇರೆ. ಚಿಕ್ಕಮ್ಮನಿಗೆ ಮಾತ್ರ ಅವತ್ತೇ ಹೇಳಿದೆ. "ಆಷಾಢದಲ್ಲಿ ಸೇರಿದ್ದೇ ತಪ್ಪು" ಅಂದರು.

ಎರಡು ರಾತ್ರಿ ಕೂತು ಒಂದು ಪತ್ರ ಬರೆದೆ. ಒಂದೂವರೆ ಪುಟ ಆಯಿತು. ಪಿಜಿಯಲ್ಲಿರುವ ಗೆಳತಿಯೊಬ್ಬಳು, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡೋಕೆ ಹೋಗುವವಳು, ಅಲ್ಲಿ ಯಾರೋ ಹೇಳಿದ್ದು ಅಂತ ಈ ಮಾಸ್ತರರ ವಿಳಾಸ ಕೊಟ್ಟಳು.

ಅವತ್ತು ಮಳೆ ಜೋರಿತ್ತು. ಮುಲುಂಡಿನಿಂದ ಸ್ಲೋ ಲೋಕಲ್ಲೇ ಹಿಡಿಯಬೇಕು, ಫಾಸ್ಟ್ ಮಾಟುಂಗಾದಲ್ಲಿ ನಿಲ್ಲೋದಿಲ್ಲ. ಟಿಕೆಟ್ ಕೊಡುವವರಿಂದ ಹಿಡಿದು ಪೊಲೀಸರ ತನಕ 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಿರುವ ಸ್ಟೇಷನ್ ಅದು. ಅಲ್ಲಿ ಇಳಿದಾಗಲೆಲ್ಲ ನನಗೆ ಒಂದು ಧೈರ್ಯ ಬರುತ್ತದೆ. ಅಂಗಡಿಯ ಮುಂದೆ ಐದು ಜನ ಕೊಡೆ ಹಿಡಿದು ನಿಂತಿದ್ದರು. ಒಳಗೆ ಬೆಂಚು ಒಂದೇ, ಮೂರು ಜನ ಕೂರಬಹುದು. ನನ್ನ ಸರದಿ ಬರೋಕೆ ಒಂದೂವರೆ ಗಂಟೆ ಆಯಿತು. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಇದು ಬದಲಾದರೆ ಒಳ್ಳೆಯದು. ವಯಸ್ಸಾದವರು, ಮಗು ಕರೆದುಕೊಂಡು ಬಂದವರು ಮಳೆಯಲ್ಲಿ ನಿಂತಿರುತ್ತಾರೆ. ಇನ್ನೊಂದು ತೊಂದರೆ, ಪಾರ್ಟಿಶನ್ ತೆಳು. ಒಳಗಿನ ಮಾತು ಹೊರಗಿನ ಬೆಂಚಿಗೆ ಚೆನ್ನಾಗಿ ಕೇಳುತ್ತದೆ. ನನಗಿಂತ ಮೊದಲು ಹೋದ ಹುಡುಗನ ಜಾಯ್ನಿಂಗ್ ಬೋನಸ್ ಎಷ್ಟು ಅಂತ ನಮಗೆಲ್ಲಾ ಗೊತ್ತಾಯಿತು. ಒಂದು ವರ್ಷದ ಒಳಗೆ ಬಿಟ್ಟರೆ ಅದನ್ನು ವಾಪಸ್ ಕಟ್ಟಬೇಕಿತ್ತು. "ಕೈಗೆ ಬಂದದ್ದು ಟ್ಯಾಕ್ಸ್ ಕಳೆದ ಮೇಲಿನ ದುಡ್ಡು. ವಾಪಸ್ ಕೇಳೋದು ಪೂರ್ತಿಯಾ, ಕೈಗೆ ಬಂದಷ್ಟಾ? ಕಾಗದದಲ್ಲಿ ಎಂತ ಬರೆದಿದೆ, ಓದು" ಅಂತ ಅವನ ಕೈಯಲ್ಲೇ ಜೋರಾಗಿ ಓದಿಸುತ್ತಿದ್ದರು.

ಒಳಗೆ ಹೋದರೆ ಒಂದು ಕಬ್ಬಿಣದ ಮೇಜು, ಒಂದು ಸ್ಟೀಲ್ ಲೋಟ, ಒಂದು ಪೆನ್ಸಿಲು. ಹಳೇ ಆಫೀಸುಗಳಲ್ಲಿ ಇರುತ್ತಿತ್ತಲ್ಲ, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ, ಅಂಥ ಪೆನ್ಸಿಲು. ಬ್ಲೇಡಿನಲ್ಲಿ ಕೆತ್ತಿ ಕೆತ್ತಿ ಬೆರಳಷ್ಟು ಉದ್ದ ಉಳಿದಿತ್ತು. ಕೆಂಪಿನ ಕಡೆ ಜಾಸ್ತಿ ಸವೆದಿತ್ತು.

ಮಾಸ್ತರು ಕುಂದಾಪುರದ ಕಡೆಯವರು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಪರೇಲಿನ ಒಂದು ಬಟ್ಟೆ ಮಿಲ್ಲಿನ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ ಬರೆಯುವ ಆಫೀಸಿನಲ್ಲಿ, ಗುಮಾಸ್ತರಾದರು. ಮುಂದೆ ಅದೇ ರಾತ್ರಿ ಶಾಲೆಯಲ್ಲಿ ಪಾಠವನ್ನೂ ಮಾಡಿದರು, ಮಾಸ್ತರು ಅನ್ನೋ ಹೆಸರು ಬಂದದ್ದು ಹಾಗೆ. 1982ರ ಜನವರಿ 18ಕ್ಕೆ ಮಿಲ್ ಮುಷ್ಕರ ಶುರುವಾಯಿತಲ್ಲ, ಅವರ ಮಿಲ್ಲಿನ ಬಾಗಿಲು ಆಮೇಲೆ ಸರಿಯಾಗಿ ತೆರೆಯಲೇ ಇಲ್ಲ. ಪಿಎಫ್, ಗ್ರಾಚ್ಯುಟಿ ಕೇಳಿ ಅರ್ಜಿ ಬರೆಸಿಕೊಳ್ಳೋಕೆ ಜನ ಅವರ ಚಾಳಿನ ಕೋಣೆಗೆ ಬರುತ್ತಿದ್ದರಂತೆ. ಆಮೇಲೆ ಅವರು ಒಂದು ಔಷಧಿ ಕಂಪನಿಯ ಪರ್ಸನಲ್ ಡಿಪಾರ್ಟ್‌ಮೆಂಟ್ ಸೇರಿ ಅಲ್ಲೇ ನಿವೃತ್ತರಾದರು. "ಆಗ ಕೆಲಸ ಹೋದವರ ಕಾಗದ ಬರೆದೆ. ಈಗ ಕೆಲಸ ಬಿಡುವವರದ್ದು ಬರೀತೇನೆ" ಅಂದರು.

ನನ್ನ ಪತ್ರವನ್ನು ಒಂದಕ್ಷರ ಬಿಡದೆ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ, ಊರಲ್ಲಿದ್ದಾರೆ."

"ಹಾಗಾದ್ರೆ ಅವರನ್ನು ಎಂತಕ್ಕೆ ಹಾಸಿಗೆ ಹಿಡಿಸಿದ್ದು ಮಾರಾಯ್ತಿ?"

ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗಬೇಕಾಗಿದೆ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಬರೆಯೋದು ಅಂತ ಗೆಳತಿಯರು ಹೇಳಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ಬೈಯಲಿಲ್ಲ. ಲೋಟ ನನ್ನ ಕಡೆ ಸರಿಸಿ, "ನೀರು ಕುಡಿ" ಅಂದರು. ಆಮೇಲೆ ನಿಧಾನ ಹೇಳಿದರು. ಐರೋಲಿಯಿಂದ ವಿಕ್ರೋಳಿ ಎಷ್ಟು ದೂರ? ಅಕೌಂಟ್ಸಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಾಳೆ ಆ ಮ್ಯಾನೇಜರು ನಿನ್ನನ್ನು ಠಾಣೆ ಸ್ಟೇಷನ್ನಲ್ಲಿ ನೋಡಿ ಅಮ್ಮ ಹೇಗಿದ್ದಾರೆ ಅಂತ ಪ್ರೀತಿಯಿಂದ ಕೇಳುತ್ತಾರೆ. ಆಗ ಎಂತ ಹೇಳ್ತೀ?

ಕೆಂಪು ತುದಿ ತಿರುಗಿಸಿ ಹೊಡೆಯೋಕೆ ಶುರು ಮಾಡಿದರು. ಅಮ್ಮನ ಕಾಯಿಲೆ ಹೋಯಿತು. "ಅನಿವಾರ್ಯ ಕಾರಣಗಳಿಂದ" ಹೋಯಿತು. ಮೂರು ಸಲ ಬರೆದಿದ್ದ ಕ್ಷಮೆಯಲ್ಲಿ ಎರಡು ಹೋದವು. ಹೊಸ ಕಂಪನಿ ಯಾಕೆ ಒಳ್ಳೆಯದು ಅಂತ ವಿವರಿಸಿದ್ದ ಇಡೀ ಪ್ಯಾರಾ ಹೋಯಿತು. "ಇದು ಅವರಿಗೆ ನೋವು ಕೊಡುತ್ತೆ, ನಿನಗೆ ಉಪಯೋಗ ಇಲ್ಲ." ಉಳಿದದ್ದಕ್ಕೆ ನೀಲಿ ಗೆರೆ ಎಳೆದರು. ಕೊನೆಗೆ ಐದೇ ವಾಕ್ಯ. ಇಂಥ ದಿನ ಇಂಥ ಹುದ್ದೆಗೆ ಸೇರಿದೆ, ಈಗ ರಾಜೀನಾಮೆ ಕೊಡುತ್ತಿದ್ದೇನೆ. ಅಪಾಯಿಂಟ್‌ಮೆಂಟ್ ಲೆಟರಿನ ಇಂಥ ಕಲಮಿನ ಪ್ರಕಾರ ಪ್ರೊಬೇಷನ್ನಿನಲ್ಲಿ (ಮೊದಲ ಪರೀಕ್ಷೆಯ ಅವಧಿ) 15 ದಿನ ಮೊದಲು ತಿಳಿಸುವ ನೋಟಿಸು, ಹಾಗಾಗಿ ನನ್ನ ಕೊನೇ ದಿನ ಆಗಸ್ಟ್ 5. ಕೈಯಲ್ಲಿರುವ ಕೆಲಸ ಬರೆದು ಒಪ್ಪಿಸುತ್ತೇನೆ. ಇಷ್ಟು ಬೇಗ ಹೋಗುವುದರಿಂದ ನಿಮಗೆ ಆಗುವ ತೊಂದರೆಗೆ ಕ್ಷಮೆ ಇರಲಿ, ನೀವು ಕೊಟ್ಟ ಅವಕಾಶಕ್ಕೆ ಧನ್ಯವಾದ. ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ) ಮತ್ತು ಬರಬೇಕಾದ ಲೆಕ್ಕ ದಯವಿಟ್ಟು ಕೊಡಿ. ಅಷ್ಟೇ.

ಕಾರಣ ಬರೆಯಲೇ ಇಲ್ಲವಲ್ಲ ಅಂದೆ. ಕಾರಣ ಬಾಯಲ್ಲಿ ಹೇಳಬೇಕು, ಎದುರು ಕೂತು ಹೇಳಬೇಕು, ಮೇಲ್ ಕಳಿಸುವ ಮೊದಲು ಹೇಳಬೇಕು ಅಂದರು. ಆಮೇಲೆ ತಾನೇ ಮ್ಯಾನೇಜರಾಗಿ ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನು ನೋಡದೆ ಸುಮ್ಮನೆ ಕಾಗದ ತಿರುವತೊಡಗಿದರು. ನನ್ನ ಮ್ಯಾನೇಜರು ಮರಾಠಿಯವರು, ಹಾಗಾಗಿ ಮರಾಠಿಯಲ್ಲೇ ಅಭ್ಯಾಸ. "ಸರ್, ಜರಾ ಬೋಲಾಯ್ಚಂ ಹೋತಂ" (ಸ್ವಲ್ಪ ಮಾತಾಡಬೇಕಿತ್ತು) ಅಂತ ಶುರು ಮಾಡಿ, ಮಳೆ, ಟ್ರಾಫಿಕ್ಕು, ಮೇ ತಿಂಗಳ ಇಂಟರ್‌ವ್ಯೂ ಎಲ್ಲಾ ಹೇಳಿದೆ. ನಿಲ್ಲಿಸಿದರು. "ಎರಡನೇ ವಾಕ್ಯದಲ್ಲೇ ವಿಷಯ ಹೇಳು. ನೀನು ಸುತ್ತಿದಷ್ಟೂ ಅವರು ಯಾರೋ ಸತ್ತಿರಬೇಕು ಅಂತ ಹೆದರ್ತಾರೆ." ನಾಲ್ಕು ಸಲ ಮಾಡಿಸಿದರು. ನಾಲ್ಕನೇ ಸಲಕ್ಕೆ ನನ್ನ ಧ್ವನಿ ನಡುಗಲಿಲ್ಲ. ಸಂಬಳ ಜಾಸ್ತಿ ಮಾಡುತ್ತೇನೆ ಅಂದರೆ? ಅದನ್ನೂ ಕೇಳಿದರು. ಅದನ್ನು ಇವತ್ತೇ ಮನೆಯಲ್ಲಿ ಕೂತು ತೀರ್ಮಾನ ಮಾಡು, ಅಲ್ಲಿ ಹೋಗಿ ಯೋಚನೆ ಮಾಡಬೇಡ ಅಂದರು. ಸಿಟ್ಟು ಮಾಡಿಕೊಂಡರೆ? "ಕೇಳಿಸ್ಕೋ. ಅದು ಅವರ ಹಕ್ಕು. ನಿನ್ನ ನಂಬಿ ಬೇರೆಯವರಿಗೆ ಬೇಡ ಅಂದಿದ್ದಾರೆ."

ನಾನು ಹೆಚ್ಚು ಯೋಚಿಸದೇ ಇದ್ದದ್ದು ಇದನ್ನೇ. ನನ್ನ ಬಳಿ ಇನ್ನೊಂದು ಉಪಾಯ ಇತ್ತು. ಮೂರು ತಿಂಗಳು ಇದ್ದು, ಮರ್ಯಾದೆಗೆ ಸಾಕಾಗುವಷ್ಟು ಕೆಲಸ ಮಾಡಿ ಆಮೇಲೆ ಬಿಡೋದು. ವಿಕ್ರೋಳಿಯವರು ಅಷ್ಟು ದಿನ ಕಾಯುತ್ತಾರೋ ಅಂತ ಕೇಳೋಣ ಅಂದುಕೊಂಡಿದ್ದೆ. ಮಾಸ್ತರು ಅದನ್ನು ಒಪ್ಪಲೇ ಇಲ್ಲ. ಐರೋಲಿಯ ಇಂಟರ್‌ವ್ಯೂ ಆಗಿ ಮೂರು ವಾರ. ಎರಡನೇ ನಂಬರಿನವರು ಇನ್ನೂ ಖಾಲಿ ಇರಬಹುದು. ಇವತ್ತು ಹೇಳಿದರೆ ಅವರನ್ನು ಕರೆಯಬಹುದು. ಮೂರು ತಿಂಗಳು ಕಲಿಸಿ, ಪಾಸ್‌ವರ್ಡ್ ಕೊಟ್ಟು, ವ್ಯವಹಾರದ ಪಾರ್ಟಿಗಳಿಗೆ ಪರಿಚಯ ಮಾಡಿಸಿದ ಮೇಲೆ ಹೇಳಿದರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕು. ಬೇಗ ಹೋಗೋದರಲ್ಲಿ ಅವಮಾನ ಇದೆ ಅಂತ ನಾನು ಅಂದುಕೊಂಡಿದ್ದೆ. ಅವರಿಗೆ ಕಡಿಮೆ ನಷ್ಟ ಆಗೋದು ಬೇಗ ಹೋದರೇ ಅಂತ ಅವತ್ತು ಮೊದಲ ಸಲ ಅರ್ಥವಾಯಿತು. ಈ ಒಂದು ಮಾತಿಗೇ ನಾನು 400 ಅಲ್ಲ, ನಾಲ್ಕು ಸಾವಿರ ಕೊಡುತ್ತಿದ್ದೆ.

ಲೆಕ್ಕದ ವಿಷಯದಲ್ಲೂ ಅವರು ಗಟ್ಟಿ. ಕಂಪನಿಗಳು ನೋಟಿಸು ದಿನದ ದುಡ್ಡು ಕೇಳಬಹುದು, ಆದರೆ ಕಟ್ಟಿಹಾಕಿ ಕೆಲಸ ಮಾಡಿಸೋ ಆದೇಶವನ್ನು ಯಾವ ಕೋರ್ಟೂ ಕೊಡೋದಿಲ್ಲ ಅಂತ ನನ್ನ ಭಯ ಬಿಡಿಸಿದರು. ನೋಟಿಸಿನ ಬದಲು ದುಡ್ಡು ಕಟ್ಟಿದರೆ ಅದರ ಮೇಲೆ ಜಿಎಸ್‌ಟಿ ಕೂಡ ಹಾಕುತ್ತಾರಂತೆ ಅಂದೆ. ಅವರ ಅಳಿಯ ಹೊರಗಿನಿಂದಲೇ ಕೇಳಿಸಿಕೊಂಡು, 2022ರ ಆಗಸ್ಟ್ 3ರ ಸರ್ಕಾರದ ಜಿಎಸ್‌ಟಿ ಸರ್ಕ್ಯುಲರ್ ಪ್ರಿಂಟ್ ತೆಗೆದು ತಂದ. ನೋಟಿಸ್ ಪೇ ವಸೂಲಿಗೆ ಜಿಎಸ್‌ಟಿ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ನಾನು ದುಡ್ಡು ಕಟ್ಟುವ ಪ್ರಸಂಗ ಬರಲಿಲ್ಲ. ವಿಕ್ರೋಳಿಯವರಿಗೆ ನೋಟಿಸು ಮುಗಿಸಿ ಬರುತ್ತೇನೆ ಅಂತ ಬರೆದೆ, ಆಗಸ್ಟ್ 11ಕ್ಕೆ ಬನ್ನಿ ಅಂದರು. ಕೇಳಿದರೆ ಕಾಯುತ್ತಾರೆ ಅಂತ ಮಾಸ್ತರು ಮೊದಲೇ ಹೇಳಿದ್ದರು.

ಕೆಲವರು ಹತ್ತು ದಿನದ ಕೆಲಸಕ್ಕೆ ರಾಜೀನಾಮೆ ಯಾಕೆ, ಸುಮ್ನೆ ಹೋಗೋದು ನಿಲ್ಲಿಸಿದರೆ ಆಯಿತು ಅಂತಾರೆ, ಅಲ್ವಾ? ನನಗೂ ಒಬ್ಬರು ಹೇಳಿದ್ದರು. ಪಿಎಫ್ ಒಂದು ತಿಂಗಳು ಕಟ್ಟಿದರೂ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರು) ಖಾತೆಯಲ್ಲಿ ಆ ಕಂಪನಿಯ ಹೆಸರು ಬಂದು ಕೂರುತ್ತದೆ. ಮುಂದಿನವರು ಅದನ್ನು ನೋಡುತ್ತಾರೆ. ಬಿಟ್ಟ ದಿನಾಂಕವನ್ನು ಹಳೇ ಕಂಪನಿ ಹಾಕಬೇಕು. ಹಾಕದಿದ್ದರೆ, ಕೊನೇ ಸಲ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ನಾವೇ ಆಧಾರ್ ಓಟಿಪಿ ಬಳಸಿ ಹಾಕಬಹುದು. ಆ ಸಣ್ಣ ಮೊತ್ತವನ್ನು ಬಿಡಿಸಿಕೊಳ್ಳಬೇಡ, ಹೊಸ ಕಂಪನಿಯ ಖಾತೆಗೆ ವರ್ಗ ಮಾಡಿಸು ಅಂದರು ಮಾಸ್ತರು. ಹಳೇ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಬರೆದು ಕೊಡು, ಇಲ್ಲದಿದ್ದರೆ ಟ್ಯಾಕ್ಸ್ ಲೆಕ್ಕ ತಪ್ಪುತ್ತೆ ಅಂದರು. ಇದನ್ನೆಲ್ಲ ಅಂಗಡಿಯ ಹಳೇ ಬಿಲ್ಲಿನ ಹಿಂದೆ ಬರೆದುಕೊಟ್ಟರು. ಅಕ್ಷರ ದುಂಡಗಿದೆ, ಶಾಲೆಯ ಕರಿಹಲಗೆಯ ಅಕ್ಷರ.

ಹೊರಡುವಾಗ ಕೊನೆಗೆ ಕೇಳಿದರು. "ಈ ಕೆಲಸ ಯಾರು ಹೇಳಿ ಸಿಕ್ಕಿದ್ದು?" ಚಿಕ್ಕಪ್ಪನ ವಿಷಯ ನಾನು ಎತ್ತಿರಲಿಲ್ಲ. ಅವರೇ ತೆಗೆದರು. ಸೋಮವಾರ ಮ್ಯಾನೇಜರಿಗೆ ಹೇಳುವ ಮೊದಲು, ಭಾನುವಾರ ಚಿಕ್ಕಪ್ಪನಿಗೆ ಹೇಳು. ಅವರ ಗೆಳೆಯರ ಬಾಯಿಂದ ಈ ಸುದ್ದಿ ಅವರಿಗೆ ಬರಬಾರದು.

ಭಾನುವಾರ ಸಂಜೆ ಚಹಾ ಹೊತ್ತಿಗೆ ಹೇಳಿದೆ. ಎರಡನೇ ವಾಕ್ಯದಲ್ಲೇ ಹೇಳಿದೆ. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಕೆಳಗೆ ಹೋದರು. ಮುಕ್ಕಾಲು ಗಂಟೆ ಬರಲಿಲ್ಲ. ಚಿಕ್ಕಮ್ಮ ಕಿಟಕಿಯಿಂದ ನೋಡುತ್ತಾ ಇದ್ದರು. ಬಂದವರು ಒದ್ದೆ ಕೊಡೆ ಬಾಗಿಲಲ್ಲಿ ಬಿಡಿಸಿಟ್ಟು ಕೇಳಿದರು, "ನಾಳೆ ನೀನೇ ಹೇಳ್ತೀಯಾ, ನಾನು ಫೋನ್ ಮಾಡಲಾ?" ನಾನೇ ಹೇಳ್ತೇನೆ ಅಂದೆ. "ಹಾಗಾದ್ರೆ ಬೆಳಿಗ್ಗೆ ಬೇಗ ಹೋಗು, ಅವರು ಮೀಟಿಂಗಿಗೆ ಕೂರುವ ಮೊದಲು" ಅಂದರು. ಅವರು ಬೇಸರ ಮಾಡಿಕೊಂಡಿದ್ದು ನಿಜ. ಆದರೆ ನನ್ನ ಪರ ನಿಂತದ್ದೂ ನಿಜ.

ಸೋಮವಾರ, ನನ್ನ ಕೆಲಸದ ಹನ್ನೊಂದನೇ ದಿನ, ರಜೆ ಬಿಟ್ಟು ಎಣಿಸಿದರೆ. ಮ್ಯಾನೇಜರು ಕೇಳಿಸಿಕೊಂಡರು. ಜಾಸ್ತಿ ಸಂಬಳವಾ ಅಂತ ಕೇಳಿದರು. ಇಲ್ಲ, ಕಾಸ್ಟಿಂಗ್ ಕೆಲಸ ಅಂದೆ. ಆರು ತಿಂಗಳಲ್ಲಿ ಇಲ್ಲೇ ಕೊಡಿಸುತ್ತೇನೆ ಅಂದರು. ತುಂಬಾ ಉಪಕಾರ ಸರ್, ಆದರೆ ನಾನು ನಿರ್ಧಾರ ಮಾಡಿ ಆಗಿದೆ ಅಂದೆ. ಆಗ ಅವರ ಮುಖ ಬಾಡಿತು. ನಿನಗಾಗಿ ಇಬ್ಬರಿಗೆ ಬೇಡ ಅಂದಿದ್ದೆ ಅಂದರು, ಮಾಸ್ತರು ಹೇಳಿದ ಹಾಗೇ. ನಾನು ಏನೂ ಸಮರ್ಥನೆ ಕೊಡಲಿಲ್ಲ. ಹೌದು ಸರ್, ಅದಕ್ಕೇ ಇವತ್ತೇ ಹೇಳ್ತಾ ಇದ್ದೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಡ್ರಾಯರಿನಿಂದ ಒಂದು ಫೈಲ್ ತೆಗೆದರು. ಅದರಲ್ಲಿ ಇಬ್ಬರ ರೆಸ್ಯೂಮೆ ಇತ್ತು. ನನ್ನೆದುರಿಗೇ ಮೊದಲನೆಯವಳಿಗೆ ಫೋನ್ ಮಾಡಿದರು.

ಅವಳು ಜುಲೈ 30ಕ್ಕೆ ಬಂದಳು. ಕಲ್ವಾದವಳು. ಐದು ದಿನ ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಪುಟದ ಟಿಪ್ಪಣಿ ಬರೆದು ಎಲ್ಲಾ ಒಪ್ಪಿಸಿದೆ. ಯಾವ ಪಾರ್ಟಿಯ ಲೆಕ್ಕ ತಾಳೆ ಆಗಿದೆ, ಯಾವುದು ಬಾಕಿ, ಬ್ಯಾಂಕ್ ಪೋರ್ಟಲಿನಿಂದ ನನ್ನ ಹೆಸರು ತೆಗೆಸಿದ್ದು, ಎಲ್ಲಾ. ಆ ಹೊಸ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ. ಲ್ಯಾಪ್‌ಟಾಪ್, ಐಡಿ ಕಾರ್ಡ್, ಡ್ರಾಯರ್ ಕೀ ವಾಪಸ್ ಕೊಟ್ಟು ಸಹಿ ತೆಗೆದುಕೊಂಡೆ. ಅದೂ ಮಾಸ್ತರರ ಬಿಲ್ಲಿನ ಹಿಂದಿನ ಪಟ್ಟಿಯಲ್ಲಿತ್ತು. ರಿಲೀವಿಂಗ್ ಲೆಟರ್ ಸೆಪ್ಟೆಂಬರಿನಲ್ಲಿ ಬಂತು.

ಅದರ ಜೆರಾಕ್ಸ್ ತೆಗೆಸೋಕೆ ಬೇಕಂತಲೇ ಮಾಟುಂಗಾಕ್ಕೆ ಹೋದೆ. ಮಾಸ್ತರು ಓದಿ, ದಿನಾಂಕಗಳ ಮೇಲೆ ಬೆರಳಿಟ್ಟು ನೋಡಿ, "ಸರಿ ಉಂಟು" ಅಂದರು. ಅವರನ್ನು ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಊಟಕ್ಕೆ ಕರೆದೆ. 1942ರಿಂದ ಇರುವ ಜಾಗ, ಬಾಳೆ ಎಲೆ ಊಟ. ಬರಲಿಲ್ಲ, ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಇದ್ದರು. ನಾನೊಬ್ಬಳೇ ಹೋಗಿ ಉಂಡು ಬಂದೆ. ರಸಂ ಬಹಳ ಚೆನ್ನಾಗಿತ್ತು.

ಹೋಗುವವರಿಗೆ: ಶನಿವಾರ ಹತ್ತಕ್ಕೆ ಮೊದಲೇ ಹೋಗಿ ನಿಲ್ಲಿ. ನಗದು ಅಥವಾ ಯುಪಿಐ ಎರಡೂ ಆಗುತ್ತದೆ. ಪತ್ರ ಇಂಗ್ಲಿಷಿನಲ್ಲಿ ತಿದ್ದುತ್ತಾರೆ, ಮಾತು ಕನ್ನಡ, ತುಳು, ಮರಾಠಿ, ಹಿಂದಿ ಯಾವುದರಲ್ಲಾದರೂ ಅಭ್ಯಾಸ ಮಾಡಿಸುತ್ತಾರೆ. ಗುಟ್ಟಿನ ವಿಷಯ ಇದ್ದರೆ ಪಾರ್ಟಿಶನ್ನಿನ ಒಳಗೆ ಮೆಲ್ಲಗೆ ಮಾತಾಡಿ. ಅಪಾಯಿಂಟ್‌ಮೆಂಟ್ ಲೆಟರಿನ ಎಲ್ಲಾ ಪುಟ ತೆಗೆದುಕೊಂಡು ಹೋಗಿ, ಹಿಂದಿನ ಸಣ್ಣ ಅಕ್ಷರದ ಪುಟಗಳೂ ಬೇಕು. ಮೊದಲ ಪುಟ ಮಾತ್ರ ತಂದವರನ್ನು ಅವರು ಮನೆಗೆ ವಾಪಸ್ ಕಳಿಸುತ್ತಾರೆ.